ಗಾಳಿಗೆ ಸಿಕ್ಕಿದ ನೀಲಿ ಪರದೆ

"ಹಿಡ್ಕೊಳ್ರೋ! ಯಾರಾದ್ರೂ ಆ ಪರದೆ ಹಿಡ್ಕೊಳ್ರೋ!"

ಲೈಬ್ರರಿ ತಾತ ಕೂಗುವಷ್ಟರಲ್ಲಿ ಗಾಳಿ ಮತ್ತೊಮ್ಮೆ ಬೀಸಿತು. ಗೋಡೆಯ ಮೇಲಿನ ನೀಲಿ ಪರದೆ ಭರ್ರನೆ ಮೇಲೆದ್ದು, ಹಿಂದಿದ್ದ ಹೊಸ ಬೋರ್ಡು ಇಡೀ ಬೀದಿಗೆ ಕಾಣಿಸಿತು.

"ಮಕ್ಕಳ ಲೈಬ್ರರಿ!" ಎಂದು ಮುಂದಿನ ಸಾಲಿನ ಮಕ್ಕಳು ಒಟ್ಟಿಗೆ ಓದಿ ಚಪ್ಪಾಳೆ ತಟ್ಟಿದರು.

"ಈಗ್ಲೇ ಓದ್ಬೇಡ್ರೋ! ಗೆಸ್ಟ್ ಬರೋವರೆಗೂ ಅದು ಸೀಕ್ರೆಟ್!" ತಾತ ತಲೆ ಚಚ್ಚಿಕೊಂಡರು. ಮಳೆ ಬಂದರೆ ಇರಲಿ ಎಂದು ಅವರು ಛತ್ರಿಗಳನ್ನೆಲ್ಲ ತಂದಿಟ್ಟಿದ್ದರು. ಗಾಳಿಯ ಯೋಚನೆ ಮಾತ್ರ ಯಾರಿಗೂ ಬಂದಿರಲಿಲ್ಲ.

ಗೆಸ್ಟ್ ಅಂದರೆ ಇದೇ ಬೀದಿಯಲ್ಲಿ ಬೆಳೆದು ದೊಡ್ಡ ಓಟಗಾರ್ತಿಯಾದ ಅಕ್ಕ. ಅವರು ಬಂದು ದಾರ ಎಳೆಯಬೇಕು, ಪರದೆ ಸರಿಯಬೇಕು, ಆಗ ಎಲ್ಲರೂ ಬೋರ್ಡು ನೋಡಬೇಕು. ಗಾಳಿಗೆ ಅಷ್ಟು ತಾಳ್ಮೆ ಎಲ್ಲಿದೆ!

ಪರದೆ ಹೊಲಿದದ್ದು ಗುಂಡಿಯ ಅಮ್ಮ. ಟೈಲರ್ ಮಗಳಾದ್ದರಿಂದ ಅವಳನ್ನು ಎಲ್ಲರೂ ಗುಂಡಿ ಎಂದೇ ಕರೆಯುತ್ತಿದ್ದರು. ಅಮ್ಮನ ಕೆಲಸವನ್ನು ಇಡೀ ಬೀದಿ ನೋಡುತ್ತದೆ ಎಂದು ಬೆಳಿಗ್ಗೆಯಿಂದ ಕುಣಿಯುತ್ತಿದ್ದವಳು ಈಗ ತಲೆ ತಗ್ಗಿಸಿ ನಿಂತಿದ್ದಳು.

"ಏನ್ ಟೈಲರಮ್ಮಾ, ಪರದೆಗೆ ಇಷ್ಟು ತೆಳು ಬಟ್ಟೆ ಯಾರಾದ್ರೂ ತಗೋತಾರಾ?" ಬೇಕರಿ ಮಾವ ಎಲ್ಲರೆದುರೇ ನಕ್ಕರು. "ಇಷ್ಟು ವರ್ಷದಿಂದ ಹೊಲೀತಿದ್ದೀರಿ, ಅಷ್ಟೂ ಗೊತ್ತಾಗ್ಲಿಲ್ವಾ?"

ಗುಂಡಿಗೆ ಚುರುಕ್ ಎಂದಿತು. ಅಂಗಡಿಯಲ್ಲಿ ಅಮ್ಮ ದಪ್ಪನೆಯ ಕಂದು ಬಟ್ಟೆ ಮುಟ್ಟಿ ನೋಡುತ್ತಿದ್ದಾಗ, "ಅಯ್ಯೇ, ಗೋಣಿಚೀಲದ ಥರ ಇದೆ! ನೀಲಿನೇ ಬೇಕು" ಎಂದು ಹಟ ಹಿಡಿದವಳು ಅವಳೇ. ಅಮ್ಮ ಈಗ ಅದನ್ನು ಹೇಳಿಬಿಡಬಹುದಿತ್ತು. ಬದಲಿಗೆ ಚೀಲದಿಂದ ಸೂಜಿದಾರ ತೆಗೆದಳು.

"ಭಾರ ಇರೋದು ಏನಾದ್ರೂ ಕೊಡಿ. ಬೇಗ!"

ಅವರಿವರ ಜೇಬುಗಳಿಂದ ಕೀಗಳು ಬಂದವು. ಮನೆ ಕೀ, ಸೈಕಲ್ ಕೀ, ಬೇಕರಿ ಕೀ. ಅಮ್ಮ ಕುರ್ಚಿ ಹತ್ತಿ ಪರದೆಯ ಕೆಳಗಿನ ಅಂಚಿನ ಮಡಿಕೆಯೊಳಗೆ ಅವನ್ನೆಲ್ಲ ತೂರಿಸಿ ಹೊಲಿದಳು. ಗುಂಡಿ ಕುರ್ಚಿ ಅಲ್ಲಾಡದಂತೆ ಹಿಡಿದು ನಿಂತಳು. ಗಾಳಿ ಬೀಸಿತು. ಪರದೆ ಕಿಣಿಕಿಣಿ ಎಂದಿತೇ ಹೊರತು ಮೇಲೇಳಲಿಲ್ಲ.

ಓಟಗಾರ್ತಿ ಅಕ್ಕ ಬಂದರು, ದಾರ ಎಳೆದರು. ಪರದೆ ಗಲಗಲ ಸದ್ದು ಮಾಡುತ್ತಾ ಸರಿಯಿತು. ಆಗಲೇ ಓದಿದ್ದವರೂ ಏನೂ ಗೊತ್ತಿಲ್ಲದವರಂತೆ "ಓಹೋ!" ಎಂದರು.

"ಬನ್ನಿ, ಒಳಗೆ ಬನ್ನಿ" ಎನ್ನುತ್ತಾ ತಾತ ಬಾಗಿಲ ಬಳಿ ಹೋಗಿ ಜೇಬು ತಡವಿದರು. ಇನ್ನೊಂದು ಜೇಬನ್ನೂ ತಡವಿದರು. ಆಮೇಲೆ ಮೆಲ್ಲಗೆ ಪರದೆಯ ಕಡೆ ನೋಡಿದರು.

"ತಾತಾ! ಲೈಬ್ರರಿ ಕೀನೂ ಕೊಟ್ಬಿಟ್ರಾ?" ಎಂದಳು ಗುಂಡಿ.

"ಭಾರ ಇರೋದು ಬೇಕು ಅಂದ್ರಲ್ಲಮ್ಮ..."

ಬೀದಿಗೆ ಬೀದಿಯೇ ಬಿದ್ದು ಬಿದ್ದು ನಕ್ಕಿತು. ಎಲ್ಲರಿಗಿಂತ ಜೋರಾಗಿ ನಕ್ಕವರು ಓಟಗಾರ್ತಿ ಅಕ್ಕ. ಅಮ್ಮ ಮತ್ತೆ ಕುರ್ಚಿ ಹತ್ತಿ ಹೊಲಿಗೆ ಬಿಚ್ಚತೊಡಗಿದಾಗ ಅವರೇ ಬಟ್ಟೆಯ ತುದಿ ಹಿಡಿದುಕೊಂಡರು.

"ಎಷ್ಟು ಚೆನ್ನಾಗಿದೆ ಈ ನೀಲಿ! ಯಾರು ಆರಿಸಿದ್ದು?"

ಗುಂಡಿ ಬೇಕರಿ ಮಾವನಿಗೂ ಕೇಳಿಸುವಂತೆ ಗಟ್ಟಿಯಾಗಿ ಹೇಳಿದಳು. "ನಾನು. ಅಮ್ಮ ದಪ್ಪ ಬಟ್ಟೆನೇ ತಗೊಳ್ತಿದ್ಲು. ನಾನೇ ಹಟ ಮಾಡಿ ತಪ್ಪಿಸಿದ್ದು."

ಬೇಕರಿ ಮಾವ ತಲೆ ಕೆರೆದುಕೊಂಡರು.

"ಹಟ ಮಾಡಿದ್ದು ನೀನು, ನಿಜ," ಎಂದಳು ಅಮ್ಮ ದನಿ ತಗ್ಗಿಸಿ. "ಕತ್ತರಿ ಹಾಕಿದ್ದು ನಾನು ತಾನೇ? ಆ ನೀಲಿ ನಂಗೂ ತುಂಬಾ ಇಷ್ಟ ಆಗಿತ್ತು ಕಣೇ. ಹೇಳೋಕೆ ನಾಚಿಕೆ ಆಯ್ತು, ಅಷ್ಟೇ."

ಗುಂಡಿ ಅಮ್ಮನನ್ನೇ ನೋಡಿದಳು. ಊರವರಿಗೆಲ್ಲ ಅವರವರ ಇಷ್ಟದ ಬಣ್ಣ ಕೇಳಿ ಹೊಲಿಯುವ ಅಮ್ಮನಿಗೂ ಒಂದು ಇಷ್ಟದ ಬಣ್ಣ ಇರಬಹುದು ಎಂದು ಅವಳಿಗೆ ಹೊಳೆದೇ ಇರಲಿಲ್ಲ.

"ಅಮ್ಮಾ, ಮಿಕ್ಕಿರೋ ಬಟ್ಟೇಲಿ ನಂಗೆ ಫ್ರಾಕ್ ಅಂದಿದ್ಯಲ್ಲ?"

"ಹೂಂ, ನಾಳೆನೇ ಹೊಲಿತೀನಿ, ಇರು."

"ಬೇಡ. ನಿಂಗೇ ಏನಾದ್ರೂ ಹೊಲ್ಕೋ."