ಮೂರನೆಯ ಪಿಸ್ಟನ್

ಟಿಕ್.

ಅಷ್ಟೇ. ಗಡಿಯಾರದ ಮುಳ್ಳು ಜರುಗಿದಷ್ಟು ಸದ್ದು. ಮೇಸ್ತ್ರಿಯ ಮಗಳ ಕೈ ಸ್ಪ್ಯಾನರಿನ ಮೇಲೆ ಹಾಗೆಯೇ ನಿಂತುಹೋಯಿತು.

ಎಂಜಿನ್ ಸ್ಟ್ಯಾಂಡಿನ ಮೇಲೆ ತಲೆಕೆಳಗಾಗಿತ್ತು. ಎಣ್ಣೆಯ ತಟ್ಟೆಯೊಂದನ್ನು ಮುಚ್ಚಿದರೆ ಕೆಲಸ ಮುಗಿಯಿತು. ಆದರೆ ಮುಚ್ಚುವ ಮೊದಲು ಎಂಜಿನ್ನನ್ನು ಕೈಯಿಂದಲೇ ಎರಡು ಸುತ್ತು ತಿರುಗಿಸಬೇಕೆಂಬುದು ಅಪ್ಪನ ಕಟ್ಟಳೆ. “ಎಂಜಿನ್ ಮೊದಲು ಕೈಗೆ ಮೆಲ್ಲಗೆ ಹೇಳುತ್ತೆ. ಕೇಳದಿದ್ರೆ ಆಮೇಲೆ ಊರಿಗೆಲ್ಲ ಕೂಗಿ ಹೇಳುತ್ತೆ” ಎನ್ನುತ್ತಿದ್ದರು. ಹಾಗೆ ಹೇಳುತ್ತಿದ್ದವರನ್ನು ದೇವರು ಕರೆಸಿಕೊಂಡು ಮೂರು ತಿಂಗಳಾಗಿತ್ತು. ಅವರು ಬಿಚ್ಚಿಟ್ಟು ಹೋದ ಕೊನೆಯ ಎಂಜಿನ್ ಇದು.

ಗಂಟೆ ಹನ್ನೊಂದು. ನಾಲ್ಕಕ್ಕೆ ಅಣ್ಣ ಬರುತ್ತಾನೆ. ಅವನ ಮಾತು ಸ್ಪಷ್ಟವಾಗಿತ್ತು: “ಅಪ್ಪನ ಎಂಜಿನ್ ಸ್ಟಾರ್ಟ್ ಮಾಡಿ ತೋರಿಸು, ಶೆಡ್ಡು ನಿಂದು. ಆಗದಿದ್ರೆ ಬೀಗ ಹಾಕಿ ನನ್ನ ಜೊತೆ ಊರಿಗೆ ಹೊರಡು. ಇಲ್ಲಿ ಒಬ್ಳೇ ಒದ್ದಾಡೋದನ್ನ ನಾನು ನೋಡಲಾರೆ.”

ಮತ್ತೊಮ್ಮೆ ತಿರುಗಿಸಿದಳು. ಮೂರನೆಯ ಪಿಸ್ಟನ್ ತನ್ನ ಓಟದ ಕೊನೆಗೆ ಬಂದು ನಿಲ್ಲುವಲ್ಲಿ ಮತ್ತೆ ಟಿಕ್.

“ಅತ್ತೆ, ಆ ಲೇತಿನವರನ್ನ ಕರೀತೀಯಾ?”

ಮೂಲೆಯಲ್ಲಿ ಬೀನ್ಸ್ ನಾರು ತೆಗೆಯುತ್ತ ದೇವರ ನಾಮ ಗುನುಗುತ್ತಿದ್ದ ಸೋದರತ್ತೆ ತಲೆಯೆತ್ತಿದಳು. “ಕರೀಬೇಕಾ? ಬೆಳಗಿಂದ ಮೂರು ಸಲ ಈ ಬಾಗಿಲ ಮುಂದೆ ಹಾದುಹೋದ. ನಾಲ್ಕನೇ ಸಲ ಇನ್ನೇನು ಬರ್ತಾನೆ.”

ಬಂದೂ ಬಿಟ್ಟ. ಎದುರು ಸಾಲಿನಲ್ಲಿ ಲೋಹ ಕಡೆಯುವ ಲೇತ್ ಯಂತ್ರ ಇಟ್ಟುಕೊಂಡಿದ್ದವನು. ಹೊಸ ಪಿಸ್ಟನ್‌ಗಳ ಅಂಚಿನಲ್ಲಿ ಕಚ್ಚು ಕೊರೆದುಕೊಟ್ಟವನೂ ಅವನೇ. ಪಿಸ್ಟನ್ನಿನ ಅಡಿಗೆ ಎಣ್ಣೆ ಚಿಮ್ಮಿ ತಂಪು ಮಾಡುವ ಪುಟ್ಟ ಕೊಳವೆಗೆ, ಆಯಿಲ್ ಜೆಟ್ಟಿಗೆ, ತಾಗದಿರಲೆಂದು ಆ ಕಚ್ಚು.

“ನೀವು ಕೊರೆದಿದ್ದು ಸಾಲದು. ಮೂರನೇದು ಜೆಟ್ಟಿಗೆ ತಾಗ್ತಿದೆ” ಎಂದಳು, ಮುಖ ನೋಡದೆ.

“ನಾಲ್ಕನ್ನೂ ಒಂದೇ ಅಳತೆಗೆ ಕೊರೆದಿದ್ದೀನಿ.”

“ಹಾಗಾದ್ರೆ ಸದ್ದು ಮಾಡ್ತಿರೋದು ನಾನಾ?”

ಅವನು ಅವಳತ್ತ ನೋಡಿದ. ಗಲ್ಲದ ಮೇಲಿನ ಗ್ರೀಸಿನ ಗೆರೆ, ಕೆಂಪಾದ ಕಣ್ಣು, ಸ್ಪ್ಯಾನರ್ ಹಿಡಿದು ಬೆಳ್ಳಗಾದ ಬೆರಳು. ವಾದ ಮಾಡಲೆಂದು ತೆರೆದ ಬಾಯಿ ಮುಚ್ಚಿಕೊಂಡಿತು.

“ಇದ್ರೂ ಇರಬಹುದು. ನನ್ನ ತಪ್ಪೇ ಆಗಿರಬಹುದು. ಬಿಚ್ಚಿ ಕೊಡಿ, ಸರಿ ಮಾಡ್ತೀನಿ.”

“ಪಿಸ್ಟನ್ ಬಿಚ್ಚಬೇಕಂದ್ರೆ ಮೇಲಿಂದೆಲ್ಲ ಬಿಚ್ಚಬೇಕು. ನಾಲ್ಕು ಗಂಟೆಯೊಳಗೆ ಮತ್ತೆ ಜೋಡಿಸೋಕೆ ನಂಗೇನು ಹತ್ತು ಕೈ ಇದಾವಾ?”

ಅವಳು ಮಕ್ಕಳು ಗೊಂಬೆ ಮಾಡುವ ಮೆತ್ತನೆಯ ಮಣ್ಣನ್ನು ಒಂದೊಂದು ಜೆಟ್ಟಿನ ಮೂತಿಗೂ ಅಂಟಿಸಿದಳು. ಒಂದು ಪೂರ್ತಿ ಸುತ್ತು ತಿರುಗಿಸಿ, ಅದುಮಿ ಉಳಿದ ಮಣ್ಣನ್ನು ಬ್ಲೇಡಿನಿಂದ ತೆಗೆದು ಅಳೆದಳು. ಒಂದನೆಯದು ಎರಡು ಮಿಲಿಮೀಟರ್. ಎರಡನೆಯದೂ ನಾಲ್ಕನೆಯದೂ ಎರಡೇ. ಅಪ್ಪ ಹೇಳಿದಷ್ಟು ಸಂದು. ಮೂರನೆಯದರ ಮಣ್ಣು ಮಾತ್ರ ಈರುಳ್ಳಿ ಸಿಪ್ಪೆಯಂತೆ ತೆಳುವಾಗಿ ಬಂತು.

ಟಾರ್ಚ್ ಹಿಡಿದು ಬಗ್ಗಿದಳು. ಪಿಸ್ಟನ್ನಿನ ಕಚ್ಚು ಸರಿಯಾಗಿಯೇ ಇತ್ತು. ಜೆಟ್ಟಿನ ಮೂತಿ ಪಕ್ಕಕ್ಕೆ ಬಾಗಿತ್ತು. ಅದರ ಮೇಲೆ ಹೊಸದೊಂದು ಹೊಳೆಯುವ ಗೀರು.

ಬೆರಳಿನಿಂದ ಆ ಗೀರನ್ನು ಸವರಿದಳು.

ಪಿಸ್ಟನ್ ಇಳಿಸುವಾಗ ಅದಕ್ಕೆ ಜೋಡಿಸಿದ ಕನೆಕ್ಟಿಂಗ್ ರಾಡಿನ ಬೋಲ್ಟುಗಳು ಜೆಟ್ಟಿಗೆ ಬಡಿಯದಂತೆ ಅವಕ್ಕೆ ರಬ್ಬರ್ ಕೊಳವೆ ತೊಡಿಸಬೇಕು. ಉಳಿದ ಮೂರಕ್ಕೂ ತೊಡಿಸಿದ್ದಳು. ಈ ಮೂರನೆಯದಕ್ಕೆ ಮರೆತಿದ್ದಳು. ಯಾವಾಗ ಮರೆತದ್ದೆಂಬುದೂ ಈಗ ನಿಚ್ಚಳವಾಗಿ ನೆನಪಾಯಿತು. ಮಂಗಳವಾರ ಮಧ್ಯಾಹ್ನ. ಇವನು ಬಾಗಿಲಲ್ಲಿ ಬಂದು ನಿಂತಿದ್ದ. ಬಿಸಿಲು ಬೆನ್ನ ಹಿಂದಿತ್ತು. ಏನನ್ನೋ ಹೇಳಬಂದು, ಹೇಳದೆ, ಸುಮ್ಮನೆ ನಕ್ಕಿದ್ದ.

ಈಗ ಬಾಯಿ ಮುಚ್ಚಿಕೊಂಡರೆ ಯಾರಿಗೂ ತಿಳಿಯದು. ಇಕ್ಕಳದಲ್ಲಿ ಹಿಡಿದು ನೆಟ್ಟಗೆ ಮಾಡಿದರೂ ಸದ್ದು ನಿಲ್ಲುತ್ತದೆ. ಆದರೆ ಬಾಗಿದ ಜೆಟ್ ಇಂದಲ್ಲ ನಾಳೆ ಸೀಳಿ, ಪಿಸ್ಟನ್ ಸುಟ್ಟುಹೋಗುತ್ತದೆ. ಅದಿರಲಿ, ತಪ್ಪಿಲ್ಲದವನೊಬ್ಬ ತಪ್ಪನ್ನು ಹೆಗಲಿಗೆ ಹಾಕಿಕೊಂಡು ಎದುರು ನಿಂತಿದ್ದಾನೆ. ನಾಲಿಗೆಯ ಮೇಲೆ ಸತ್ಯವಿಡು ತಂದೆ ಎಂದು ಅತ್ತೆ ದಿನಾ ಬೆಳಿಗ್ಗೆ ಬೇಡಿಕೊಳ್ಳುವುದನ್ನು ಕೇಳಿ ಬೆಳೆದವಳು ಅವಳು.

“ತಪ್ಪು ನಿಮ್ದಲ್ಲ, ನಂದು” ಎಂದಳು. “ರಾಡ್ ಬಡಿದು ಜೆಟ್ ಬಾಗಿದೆ. ಅದೊಂದಕ್ಕೆ ರಬ್ಬರ್ ಹಾಕೋದು ಮರೆತೆ.”

“ನೀವಾ? ಮೇಸ್ತ್ರಿ ನಿದ್ದೆಗಣ್ಣಲ್ಲಿ ಮರೀಬಹುದಿತ್ತು, ನೀವು ಮರೆಯಲ್ಲ.”

“ಮರೆತೆ.”

“ಅದ್ಹೇಗೆ?”

“ಆಗ ನೀವು ಬಾಗಿಲಲ್ಲಿ ನಿಂತಿದ್ರಿ.”

ಅತ್ತೆಯ ಗುನುಗು ನಿಂತಿತು.

ಅವನ ಕಿವಿ ಕೆಂಪಾಯಿತು. ನಿಧಾನವಾಗಿ ಅಂಗಿಯ ಜೇಬಿಗೆ ಕೈ ಹಾಕಿ, ಕಾಗದದಲ್ಲಿ ಸುತ್ತಿದ್ದ ಪುಟ್ಟ ವಸ್ತುವೊಂದನ್ನು ಮುಂದೆ ಚಾಚಿದ. ಹೊಚ್ಚ ಹೊಸ ಆಯಿಲ್ ಜೆಟ್.

“ಎಲ್ಲಿತ್ತು ಇದು?”

“ನಿಮ್ಮಪ್ಪ ಐದು ತರಿಸಿದ್ರು. ಪಿಸ್ಟನ್ ಕೊರೆಯೋಕೆ ಅಳತೆಗಿರಲಿ ಅಂತ ಒಂದನ್ನ ನಂಗೆ ಕೊಟ್ಟಿದ್ರು. ವಾಪಸ್ ಕೊಡೋಣ ಅಂತಾನೇ ಮಂಗಳವಾರ ಬಂದಿದ್ದೆ.”

“ಮತ್ತೆ ಯಾಕೆ ಕೊಡ್ಲಿಲ್ಲ?”

“ಕೊಟ್ಟುಬಿಟ್ರೆ ಮತ್ತೆ ಬರೋಕೆ ಒಂದು ನೆಪ ಬೇಡ್ವಾ?”

ಅವಳಿಗೆ ನಗುವೂ ಅಳುವೂ ಒಟ್ಟಿಗೆ ಬಂದವು. ಅಪ್ಪನ ಕೈ ಮುಟ್ಟಿದ ವಸ್ತು ಅದು; ಕಣ್ಣಿಗೊತ್ತಿಕೊಂಡಳು. ಬಳಿಕ, “ಟಾರ್ಚ್ ಹಿಡೀರಿ. ಕೈ ನಡುಗಿಸಬೇಡಿ” ಎಂದಳು.

“ನಡುಗ್ತಿರೋದು ನಿಮ್ಮ ಕೈ.”

ಪಿಸ್ಟನ್ನನ್ನು ದೂರ ಸರಿಸಿದಾಗ ಬೆರಳು ತೂರುವಷ್ಟು ಎಡೆಯಾಯಿತು. ಹಳೆಯದನ್ನು ಬಿಚ್ಚಿ ಹೊಸದನ್ನು ಕೂರಿಸಿ, ಮತ್ತೆ ಮಣ್ಣಿಟ್ಟು ತಿರುಗಿಸಿದರು. ಇಬ್ಬರೂ ಕಿವಿ ಹಚ್ಚಿದರು. ತಲೆಗಳ ನಡುವೆ ಉಳಿದದ್ದೂ ಬೆರಳಗಲ. ಸದ್ದಿಲ್ಲ. ಮಣ್ಣು ಅಳೆದರೆ ಎರಡು ಮಿಲಿಮೀಟರ್.

ತಟ್ಟೆ ಮುಚ್ಚಿ, ಎಂಜಿನ್ ಮಗುಚಿ, ಎಣ್ಣೆ ನೀರು ತುಂಬುವಷ್ಟರಲ್ಲಿ ಹೊರಗೆ ಅಣ್ಣನ ಚಪ್ಪಲಿ ಸದ್ದಾಯಿತು. ಬ್ಯಾಟರಿಯ ತಂತಿ ಸಿಕ್ಕಿಸಿ ಕೀ ತಿರುಗಿಸಿದಳು. ಒಮ್ಮೆ ಕೆಮ್ಮಿತು. ಎರಡನೆಯ ಸಲವೂ ಕೆಮ್ಮಿತು. ಅತ್ತೆ ಕಣ್ಣು ಮುಚ್ಚಿ ಕೈ ಮುಗಿದಳು. ಮೂರನೆಯ ಸಲಕ್ಕೆ ಹತ್ತಿಕೊಂಡ ಎಂಜಿನ್, ಉಂಡು ಮಲಗಿದ ಮಗುವಿನಂತೆ ಒಂದೇ ಲಯದಲ್ಲಿ ಉಸಿರಾಡತೊಡಗಿತು.

ಅಣ್ಣ ಬಹಳ ಹೊತ್ತು ಕೇಳುತ್ತ ನಿಂತ. ಕಣ್ಣೊರೆಸಿಕೊಂಡ. ಜೇಬಿನಿಂದ ಹೊಸ ಬೀಗ ತೆಗೆದು, ಕೀಲಿಕೈ ಸಮೇತ ತಂಗಿಯ ಅಂಗೈಯಲ್ಲಿಟ್ಟ. “ಅಪ್ಪನ ಕೈಯೇ ಬಂದಿದೆ ನಿಂಗೆ. ರಾತ್ರಿ ಹೊತ್ತು ಮಾತ್ರ ಹಾಕ್ಕೋ ಇದನ್ನ.”

ಅತ್ತೆ ಬೀನ್ಸಿನ ಬುಟ್ಟಿ ಎತ್ತಿಕೊಂಡು ಲೇತಿನವನತ್ತ ತಿರುಗಿದಳು. “ಏನಪ್ಪಾ, ಆ ಜೆಟ್ಟನ್ನೂ ಕೊಟ್ಟುಬಿಟ್ಟೆ. ನಾಳೆ ಏನು ನೆಪ ಹೇಳ್ಕೊಂಡು ಬರ್ತೀಯ?”

ಅವನು ಮೇಸ್ತ್ರಿಯ ಮಗಳನ್ನೇ ನೋಡುತ್ತಿದ್ದ. ಈ ಸಲ ಅವಳೂ ಕಣ್ಣು ತಪ್ಪಿಸಲಿಲ್ಲ.

“ನಾಳೆ ನಮ್ಮಮ್ಮನ್ನ ಕರ್ಕೊಂಡು ಬರ್ತೀನಿ ಅತ್ತೆ” ಎಂದ. “ನೆಪ ಬೇಡ.”