ಹೊಸಕಟ್ಟೆಯ ಸುಡುಗಾಡಿನ ದಾರಿ

ಸೋಮವಾರ ಬೆಳಗ್ಗೆ ಹತ್ತೂಕಾಲಿಗೆ ಹೊಸಕಟ್ಟೆ ಠಾಣೆಯ ಮೆಟ್ಟಿಲ ಕೆಳಗೆ ಒಬ್ಬ ಹೆಂಗಸು ನಿಂತಿದ್ದಳು. ಒಳಗೆ ಬಾ ಎಂದು ಯಾರೂ ಕರೆದಿರಲಿಲ್ಲ, ಅವಳೂ ಹತ್ತಿರಲಿಲ್ಲ. ಪಿಎಸ್‌ಐ ರೇಣುಕಾ ಜೀಪಿನಿಂದ ಇಳಿದು ಏನೆಂದು ಕೇಳಿದ ಮೇಲೇ ಅವಳು ಬಾಯಿ ತೆರೆದದ್ದು.

"ನಮ್ಮೆಜಮಾನ ಶನಿವಾರದಿಂದ ಬಂದಿಲ್ಲ ಕಣವ್ವ."

ಅವಳು ಕಾಡಂಚಿನ ಜೇನುಕುರುಬರ ನೇರಳೆ ಹಾಡಿಯ ಸೋಮಿ. ಗಂಡ ದೊಡ್ಡಬೊಮ್ಮ, ಅರವತ್ತರ ಆಸುಪಾಸು. ತೀರಿಹೋದ ತಾಯಿಯ ಸಮಾಧಿಗೆ ಎಡೆ ಇಟ್ಟು ಬರುತ್ತೇನೆಂದು ಶನಿವಾರ ಬೆಳಗ್ಗೆ ಹೋದವನು ಮಧ್ಯಾಹ್ನದ ಊಟಕ್ಕೆ ಮನೆಯಲ್ಲಿರಬೇಕಿತ್ತು.

ಎಎಸ್‌ಐ ನಂಜಣ್ಣ ತಲೆಯೆತ್ತದೆ ಹೇಳಿದ. "ಕೊಡಗಿಗೆ ಕಾಫಿ ಕುಯ್ಯಕ್ಕೆ ಓಗಿರ್ತಾನೆ ಮೇಡಂ. ಹಾಡಿಯೋರು ಯೋಳಿ ಓಗ್ತಾರಾ?"

"ಎಡೆ ಬುಟ್ಟಿ ಇಡ್ಕಂಡು ಯಾರ್ ಸ್ವಾಮಿ ಕೊಡಗಿಗೆ ಓಗೋರು?" ಎಂದಳು ಸೋಮಿ.

ರೇಣುಕಾ ಅವಳನ್ನು ಒಳಗೆ ಕೂರಿಸಿ ಕಾಣೆಯಾದ ಪ್ರಕರಣ ದಾಖಲಿಸಿಕೊಂಡಳು. ಅಂದೇ ಮಧ್ಯಾಹ್ನ ಅರಣ್ಯ ಇಲಾಖೆಯ ಕಾವಲುಗಾರ ಫೋನ್ ಮಾಡಿದ. ಕಾಕನಕೋಟೆ ಕಡೆ, ಆನೆ ಕಂದಕದ ಆಚೆ ಲಂಟಾನದ ಪೊದೆಯಲ್ಲಿ ಹೆಣ ಬಿದ್ದಿದೆಯೆಂದ.

ಪೊಲೀಸರು ಹೋಗುವಷ್ಟರಲ್ಲಿ ಅಲ್ಲಿ ಜನ ಸೇರಿತ್ತು. ಮುಂದೆ ನಿಂತಿದ್ದವನು ಮಹೇಂದ್ರ. ಕಾಡಂಚಿನಲ್ಲಿ ಅವನ ಶುಂಠಿ ಹೊಲವಿತ್ತು. ಊರಲ್ಲಿ ಯಾವ ಚುನಾವಣೆ ಬಂದರೂ ಅವನ ಮಾತೇ ನಡೆಯುತ್ತಿತ್ತು.

"ಆನೆ ತುಳ್ದದೆ ಮೇಡಂ, ಪಾಪ. ಬೇಗ ಪಂಚನಾಮೆ ಮುಗ್ಸಿ. ಆ ಹೆಂಗಸಿಗೆ ಪರಿಹಾರ ನಾನೇ ಓಡಾಡಿ ಕೊಡುಸ್ತೀನಿ."

ರೇಣುಕಾ ಹೆಣದ ಪಕ್ಕ ಕುಕ್ಕರಗಾಲಲ್ಲಿ ಕೂತಳು. ಒಂದು ಮೂಳೆಯೂ ಮುರಿದಂತೆ ಕಾಣಲಿಲ್ಲ. ಸುತ್ತ ಒಂದು ಗಿಡವೂ ಮುರಿದಿರಲಿಲ್ಲ. ಬಲ ಅಂಗೈಯಲ್ಲಿ ಬರೆ ಎಳೆದ ಹಾಗೆ ಅಡ್ಡಕ್ಕೆ ಕಪ್ಪು ಗಾಯ. ಬರಿಗಾಲಿನ ಅಂಗಾಲು ಬೆಂದಿತ್ತು.

"ನಂಜಣ್ಣ, ಆನೆ ಸುಡುತ್ತೇನ್ರೀ?"

ನಂಜಣ್ಣ ಮಹೇಂದ್ರನ ಕಡೆ ನೋಡಿ ಟೋಪಿ ಸರಿಮಾಡಿಕೊಂಡ.

ಮಂಗಳವಾರ ತಾಲೂಕು ಆಸ್ಪತ್ರೆಯಿಂದ ಮರಣೋತ್ತರ ಪರೀಕ್ಷೆಯ ವರದಿ ಬಂತು. ಸಾವಿಗೆ ಕಾರಣ ವಿದ್ಯುತ್ ಆಘಾತ. ರೇಣುಕಾ ಎಫ್‌ಐಆರ್ ಹಾಕಿ, ಸೋಮಿಯನ್ನು ಕರೆದುಕೊಂಡು ದೊಡ್ಡಬೊಮ್ಮ ನಡೆದ ದಾರಿಯಲ್ಲೇ ನಡೆದಳು. ಹಾಡಿಯಿಂದ ಹೊರಟ ಕಾಲುದಾರಿ ನೇರ ಮಹೇಂದ್ರನ ಶುಂಠಿ ಹೊಲಕ್ಕೆ ಬಂದು, ಬೇಲಿಯ ಹತ್ತಿರ ನಿಂತುಬಿಡುತ್ತಿತ್ತು. ಸುಡುಗಾಡು ಹೊಲದ ಆಚೆ ತುದಿಯಲ್ಲಿತ್ತು.

ಬೇಲಿಯಲ್ಲಿ ತಂತಿ ಇರಲಿಲ್ಲ. ಆದರೆ ಕರೆಂಟ್ ಗೂಟಕ್ಕೆ ಹರಿಯದಂತೆ ಕಟ್ಟಿದ್ದ ಬಾಟಲಿ ಚೂರುಗಳನ್ನು ಬಿಚ್ಚಲು ಯಾರೋ ಮರೆತಿದ್ದರು. ಮೊಣಕಾಲೆತ್ತರಕ್ಕೆ ಹುಲ್ಲು ಗೆರೆ ಎಳೆದಂತೆ ಕರಕಲಾಗಿತ್ತು. ಕಂಬದ ಮೇಲಿನ ಲೈನಿನಲ್ಲಿ ಕೊಕ್ಕೆ ಹಾಕಿದ ಗುರುತು ಹೊಸದಾಗಿತ್ತು. ಸ್ಥಳ ಮಹಜರಿಗೆ ಸಾಕ್ಷಿ ಹಾಕಲು ಪೇಟೆಯಿಂದ ಒಬ್ಬನೂ ಬರಲಿಲ್ಲ. ಕೊನೆಗೆ ಅಂತರಸಂತೆಯಿಂದ ಇಬ್ಬರು ಮೇಷ್ಟ್ರುಗಳನ್ನು ಕರೆಸಬೇಕಾಯಿತು.

ಹಿಂದಿರುಗುವಾಗ ರೇಣುಕಾ ಕೇಳಿದಳು. "ನಂಜಣ್ಣ, ನೀವು ಈ ಊರೋರೇ. ಹೇಳ್ರೀ, ಈ ಜನಕ್ಕೂ ಊರಿಗೂ ಏನಿದು?"

ನಂಜಣ್ಣ ಮೊದಲು ಬುಡಿ ಮೇಡಂ ಎಂದ. ಆಮೇಲೆ ತಾನೇ ಹೇಳಿದ.

ಐವತ್ತು ವರ್ಷದ ಹಿಂದೆ ಅಣೆಕಟ್ಟೆ ನೀರು ಏರಿ ಹಳ್ಳಿಗಳು ಮುಳುಗಿದಾಗ, ಅಲ್ಲಿನ ಒಕ್ಕಲು ಮಕ್ಕಳಿಗೆ ಸರ್ಕಾರ ಕಾಡು ಕಡಿಸಿ ಇಲ್ಲಿ ಜಮೀನು ಕೊಟ್ಟಿತ್ತು. ಖಾಲಿ ಜಾಗ ಎಂದೇ ಕೊಟ್ಟಿತ್ತು. ಖಾಲಿ ಇರಲಿಲ್ಲ, ಜೇನುಕುರುಬರ ಗುಡಿಸಲುಗಳಿದ್ದವು. ಅದೇ ಕಾಲಕ್ಕೆ ಕಾಡಿನೊಳಗಿದ್ದವರನ್ನೂ ಹೊರಗೆ ಹಾಕಿದರು. ನೆಲ ಕಳೆದುಕೊಂಡ ಎರಡು ಜನ ಒಂದೇ ನೆಲದ ಮೇಲೆ ಬಂದು ಬಿದ್ದರು. ಒಬ್ಬರ ಹೆಸರಿಗೆ ಪಟ್ಟಾ ಆಯಿತು, ಇನ್ನೊಬ್ಬರು ಅದೇ ಹೊಲಕ್ಕೆ ಕೂಲಿಗೆ ಇಳಿದರು. ಈಗಲೂ ಊರಿನ ನಾಲ್ವರಲ್ಲಿ ಒಬ್ಬರು ಹಾಡಿಯವರು. ಪೇಟೆಯಲ್ಲಿ ಒಂದು ಅಂಗಡಿಯೂ ಅವರದಲ್ಲ.

"ಒಂದ್ಸಲ ಹಾಡಿಯೋರು ತಮ್ಮ ಜಾಗ ಅಂತ ಉಳಕ್ಕೆ ಬಂದಿದ್ರು. ಊರೋರು ಗುಡಿಸ್ಲಿಗೆ ಬೆಂಕಿ ಇಟ್ರು. ದೊಡ್ಡಬೊಮ್ಮನ ಅವ್ವ ಅದ್ರಲ್ಲೇ ಬೆಂದೋದ್ಲು."

"ಕೇಸ್ ಆಯ್ತಾ?"

"ಯಾರ್ ಕೊಡೋರು ಮೇಡಂ, ಯಾರ್ ತಗಳೋರು? ನಾನಾಗ ಹುಡ್ಗ. ಬೆಂಕಿ ನೋಡಕ್ಕೆ ಎಲ್ರ ಜೊತೆ ನಾನೂ ಓಗಿದ್ದೆ."

ಬುಧವಾರ ಹನ್ನೊಂದಕ್ಕೆ ರೇಣುಕಾ ಮಹೇಂದ್ರನ ಮನೆಗೆ ಹೋದಳು. ಅವನು ಕಾಫಿ ತರಿಸಿದ.

"ಮೇಡಂ ಮಿರ್ಲೆ ಕಡೆ ಒಕ್ಕಲು ಮಕ್ಕಳಂತೆ. ಹಂಗಾದ್ರೆ ನಮ್ಮೋರೇ."

"ಹೊಲದ ಬೇಲೀಲಿ ಕರೆಂಟ್ ಹಾಕಿದ್ರಾ?"

"ನಮ್ಮಪ್ಪ ಮನೆ ಮುಳುಗೋದ್ನ ದಿಣ್ಣೆ ಮೇಲೆ ನಿಂತು ನೋಡ್ದೋರು. ಈ ನೆಲ ನಮಗೆ ಪುಕ್ಕಟೆ ಬಂದಿಲ್ಲ."

"ನಾನು ಕೇಳಿದ್ದು ಕರೆಂಟ್ ಬಗ್ಗೆ."

"ನನಗೇನ್ ಗೊತ್ತು? ಕಾವಲಿಗೆ ಜಯರಾಮ ಅವ್ನೆ. ಹಂದಿ ಹೊಡೆಯಕ್ಕೆ ಅವನೇ ಹಾಕಿರ್ಬೇಕು. ಅವ್ನೂ ಹಾಡಿಯೋನೇ. ಅವರವರ ಜಗಳಕ್ಕೆ ನಮ್ಮನ್ನ ಯಾಕ್ರೀ ಎಳೀತೀರಿ?"

ಕಾಫಿ ಹಾಗೇ ಉಳಿಯಿತು.

ಜಯರಾಮ ಹೊಲದ ಪಂಪ್‌ಹೌಸಿನಲ್ಲೇ ಇರುತ್ತಿದ್ದ, ನಲವತ್ತರ ಗಟ್ಟಿ ಆಳು. ದೊಡ್ಡಬೊಮ್ಮ ಅವನಿಗೆ ಸೋದರಮಾವ. ಕಾನ್‌ಸ್ಟೆಬಲ್ ಶರತ್ ಒಳಗೆ ಹುಡುಕಿದಾಗ, ಮೋಟರಿನ ಹಿಂದೆ ಸುತ್ತಿಟ್ಟ ತಂತಿ ಸಿಕ್ಕಿತು. ಗೋಡೆಯ ಮೊಳೆಗೆ ಒಂದು ಬಿದಿರು ಬುಟ್ಟಿ ತೂಗುತ್ತಿತ್ತು. ಅದರೊಳಗೆ ಎಲೆಯಲ್ಲಿ ಕಟ್ಟಿದ ರಾಗಿಮುದ್ದೆ ಬೂಸ್ಟು ಹಿಡಿದಿತ್ತು.

"ನಾನೇ ಮಾಡಿದ್ದು ಮೇಡಂ, ನಾನೊಬ್ನೇ. ಹಂದಿಗೆ ಹಾಕಿದ್ದೆ," ಎಂದ ಜಯರಾಮ. ಠಾಣೆಯಲ್ಲೂ ಅದನ್ನೇ ಹೇಳಿದ.

"ಹಂದಿ ಹಗಲೊತ್ತು ಬರುತ್ತಾ?"

ಜಯರಾಮ ಮೇಜಿನ ಮೇಲಿದ್ದ ಬುಟ್ಟಿಯ ಕಡೆ ನೋಡಿದ.

"ನಿನ್ನ ಮಾವ ಸತ್ತಿದ್ದು ಹಾಡಹಗಲು. ಹಗಲೊತ್ತು ತಂತೀಲಿ ಕರೆಂಟ್ ಇತ್ತು ಅಂದ್ರೆ ಅದು ಯಾರಿಗೆ ಹಾಕಿದ್ದು?"

ರೇಣುಕಾ ಕಂದಕದ ಫೋಟೋ ಅವನ ಮುಂದಿಟ್ಟಳು.

"ಹೆಣಾನ ಕಂದಕ ದಾಟಿಸಿದ್ದು ಹೆಂಗೆ? ಅಲ್ಲಿ ಪಿಕಪ್ ಗಾಡಿಯ ಟೈರ್ ಗುರುತಿದೆ. ನಿನಗೆ ಗಾಡಿ ಓಡಿಸೋಕೆ ಬರುತ್ತಾ?"

"ಇಲ್ಲ."

"ಬುಟ್ಟಿ ಯಾಕೆ ಇಟ್ಕೊಂಡೆ? ಎಸೆದಿದ್ರೆ ನಮಗೆ ಬರೀ ತಂತಿ ಸಿಗ್ತಿತ್ತು."

"ನಮ್ಮಜ್ಜಿಗೆ ತಂದಿದ್ದ ಎಡೆ ಅಲ್ವಾ ಮೇಡಂ," ಎಂದ ಜಯರಾಮ. "ಎಸೆಯಕ್ಕೆ ಕೈ ಬರ್ನಿಲ್ಲ."

ಅಲ್ಲಿಂದ ಮುಂದೆ ತಡೆಯಲಿಲ್ಲ. ಹಾಡಿಯವರ ಹಳೆಯ ನೆಲ ಗುರುತಿಸಲು ಅರಣ್ಯ ಹಕ್ಕಿನ ಸರ್ವೆಯವರು ಬರುತ್ತಾರೆಂಬ ಸುದ್ದಿ ಊರಲ್ಲಿ ಹಬ್ಬಿತ್ತು. ಸಮಾಧಿ ತೋರಿಸಿದರೆ ನಾಳೆ ಹೊಲವನ್ನೇ ಕೇಳುತ್ತಾರೆ, ಒಬ್ಬನೂ ಆ ಕಡೆ ಕಾಲಿಡಬಾರದು ಎಂದು ಮಹೇಂದ್ರ ಹೇಳಿದ್ದ. ತಂತಿ ತಂದದ್ದು, ಕೊಕ್ಕೆ ಹಾಕಿಸಿದ್ದು ಅವನು. ದಿನಾ ಬೆಳಗ್ಗೆ ಕರೆಂಟ್ ಬಿಡುತ್ತಿದ್ದವನು ಜಯರಾಮ. ಶನಿವಾರ ಮಾವ ಬಿದ್ದದ್ದನ್ನು ಕಂಡು ಫೋನ್ ಮಾಡಿದಾಗ, ಮಹೇಂದ್ರ ಪಿಕಪ್ ತಂದ. ಇಬ್ಬರೂ ಸೇರಿ ಹೆಣ ಸಾಗಿಸಿದರು.

"ಮನುಷ್ಯರು ಸಾಯ್ತಾರೆ ಅಂತ ಗೊತ್ತಿರ್ಲಿಲ್ವಾ?"

"ಗೊತ್ತಿತ್ತು."

"ಮತ್ತೆ?"

"ಏಳು ವರ್ಷದಿಂದ ಅವ್ರ ಮನೆ ಜಗುಲಿ ಮೇಲೆ ಕೂತ್ಕಂಡು ಟೀ ಕುಡೀತಿದ್ದೆ ಮೇಡಂ," ಎಂದ ಜಯರಾಮ. "ನಮ್ಮ ಹಾಡೀಲಿ ಯಾರ್ನೂ ಅಲ್ಲಿ ಕೂರ್ಸಿಲ್ಲ. ದಾರೀಲಿ ಓಗೋರೆಲ್ಲ ನೋಡೋರು. ನೀನು ಅವರಂಗಲ್ಲ ಕಣೋ ಅನ್ನೋರು ಧಣಿ."

ಗುರುವಾರ ಬೆಳಗ್ಗೆ ಇಬ್ಬರನ್ನೂ ಬಂಧಿಸಲಾಯಿತು. ಮಹೇಂದ್ರನ ಮೇಲೆ ಪರಿಶಿಷ್ಟರ ದೌರ್ಜನ್ಯ ತಡೆ ಕಾಯ್ದೆಯೂ ಸೇರಿದ್ದರಿಂದ ತನಿಖೆ ಹುಣಸೂರಿನ ಡಿವೈಎಸ್‌ಪಿಗೆ ಹೋಯಿತು. ಅರ್ಧ ಗಂಟೆಯಲ್ಲಿ ಮಹೇಂದ್ರನಿಗೆ ಎದೆನೋವು ಬಂತು. ಕಾವಲಿನಲ್ಲೇ ಮೈಸೂರಿನ ಆಸ್ಪತ್ರೆಗೆ ಸೇರಿಸಿದರು. ಮಧ್ಯಾಹ್ನದ ಹೊತ್ತಿಗೆ ಹೊಸಕಟ್ಟೆಯ ಅಂಗಡಿಗಳೆಲ್ಲ ಬಾಗಿಲು ಹಾಕಿದವು. ದೊಡ್ಡಬೊಮ್ಮನ ಹೆಣ ಬಂದ ದಿನ ಒಂದು ಅಂಗಡಿಯೂ ಮುಚ್ಚಿರಲಿಲ್ಲ. ರೇಣುಕಾಳ ಅಪ್ಪ ಮಿರ್ಲೆಯಿಂದ ಫೋನ್ ಮಾಡಿ, "ನಮ್ಮೋರ ಮೇಲೇ ಕೇಸ್ ಹಾಕ್ಬೇಕಿತ್ತಾ ಮಗಾ?" ಎಂದರು. ಅವಳು ಡ್ಯೂಟಿಯಲ್ಲಿದ್ದೀನಿ ಎಂದು ಫೋನಿಟ್ಟಳು.

ಜಯರಾಮನನ್ನು ತಾಲೂಕು ನ್ಯಾಯಾಲಯಕ್ಕೆ ಕರೆದೊಯ್ಯಲು ಜೀಪು ಹತ್ತಿಸುವಾಗ ಸೋಮಿ ಬಂದಳು. ಶರತ್ ತಡೆಯಲು ಹೋದ. ರೇಣುಕಾ ಬೇಡವೆಂದು ಕೈ ಮಾಡಿದಳು. ಸೋಮಿ ಬೈಯುತ್ತಾಳೆ, ಹೊಡೆಯುತ್ತಾಳೆ ಎಂದು ಎಲ್ಲರೂ ಕಾದರು. ಅವಳು ಜೀಪಿನ ಸರಳು ಹಿಡಿದು ಸೋದರಳಿಯನ ಮುಖವನ್ನೇ ನೋಡಿದಳು.

"ಜಗುಲಿ ಮೇಲೆ ಕೂರುಸ್ತಿದ್ರಂತೆ?"

"ಊಂ, ಅತ್ತೆ."

"ಒಳೀಕೆ ಕರೆದಿದ್ರಾ, ಒಂದಿನಾದ್ರೂ?"

ಜಯರಾಮ ಇಲ್ಲವೆಂದು ತಲೆಯಾಡಿಸಿದ. ಸೋಮಿ ಸರಳು ಬಿಟ್ಟು ಹಿಂದಕ್ಕೆ ಸರಿದಳು.