ದೇವರ ಕೋಣೆಯ ಪಾಪಾಸುಕಳ್ಳಿ

"ನಾನಲ್ಲ ಕಣಣ್ಣಾ! ನನ್ ಮಕ್ಕಳಾಣೆಗೂ ಆ ಮುಳ್ಳಿನ ಗಿಡಾನ ನಾನು ಮುಟ್ಟೇ ಇಲ್ಲ!"

ಅಂಜಿನಮ್ಮ ಕರಿಸಿದ್ದಪ್ಪನ ಜಗಲಿಯ ಮೇಲೆ ಕೂತು ಗೋಳೋ ಅಂದಳು. ಪಕ್ಕದಲ್ಲಿದ್ದ ದರ್ಜಿ ಬೆನಕಪ್ಪ ನೀರಿನ ಚೊಂಬನ್ನು ಅವಳ ಮುಂದೆ ಸರಿಸಿದ. ಕರಿಸಿದ್ದಪ್ಪ ಮಾತ್ರ ಎಲೆಗೆ ಸುಣ್ಣ ಸವರುತ್ತಲೇ ಇದ್ದ. ಪೊಲೀಸ್ ಕೆಲಸದಿಂದ ನಿವೃತ್ತನಾದ ಮೇಲೂ ಕಡೂರಿನ ಕಿತಾಪತಿಗಳನ್ನೆಲ್ಲ ಬಿಡಿಸುತ್ತಿದ್ದ ಆ ಮನುಷ್ಯನ ಕಣ್ಣಿಗೆ ಊರಿಗೆ ಊರೇ ಪೆದ್ದರ ಸಂತೆ. ಬೆನಕಪ್ಪನೂ ಆ ಲೆಕ್ಕದಲ್ಲೇ ಸೇರಿದ್ದ. ಆದರೂ ಬೆನಕಪ್ಪ ಅವನ ಬೆನ್ನು ಬಿಡುತ್ತಿರಲಿಲ್ಲ.

ಅಂಜಿನಮ್ಮ ಕೊಬ್ಬರಿ ಮಂಡಿಯ ಶಿವಮೂರ್ತಪ್ಪನ ಮನೆಗೆಲಸದವಳು. ಹೋದ ವರ್ಷ ತರೀಕೆರೆಯ ಫಲಪುಷ್ಪ ಪ್ರದರ್ಶನದಲ್ಲಿ ಮೊದಲ ಬಹುಮಾನ ಗೆದ್ದಿದ್ದ ಅವನ ದುಂಡು ಪಾಪಾಸುಕಳ್ಳಿ ಆ ದಿನ ಬೆಳಿಗ್ಗೆ ಕುಂಡದಲ್ಲೇ ಕುಸಿದು ಬಿದ್ದಿತ್ತು. ಮಗಳ ಬಾಣಂತನಕ್ಕೆ ಪಂಚನಹಳ್ಳಿಗೆ ಹೋಗಲು ರಜೆ ಕೊಡದ ಸಿಟ್ಟಿಗೆ ಇವಳೇ ಹಂಡೆಯ ಕುದಿನೀರು ಸುರಿದಳೆಂದು ಶಿವಮೂರ್ತಪ್ಪ ನಡುಬೀದಿಯಲ್ಲಿ ಕೂಗಾಡಿ ಅವಳನ್ನು ಹೊರಹಾಕಿದ್ದ.

"ಇನ್ ಯಾರ ಮನೇಲಿ ನನ್ನ ಒಳಕ್ ಬಿಟ್ಕತಾರಣ್ಣಾ?" ಅಂದಳು ಅಂಜಿನಮ್ಮ.

"ಚೌಳಹಿರಿಯೂರಿನ ಬೇಲಿ ತುಂಬ ಬೆಳೆಯೋ ಕಳ್ಳಿಗೆ ಒಂದು ಕೊಲೆ ಕೇಸು!" ಕರಿಸಿದ್ದಪ್ಪ ಮೂಗು ಮುರಿದ. "ನಡಿ ಬೆನಕ, ಆ ಹೆಣಾನೂ ನೋಡ್ಕಂಡ್ ಬರಾನ."

ಎಪ್ಪತ್ತೊಂಬತ್ತರ ಜನವರಿ. ಊರೆಲ್ಲ ಕಂಬಳಿ ಹೊದ್ದು ನಡುಗುತ್ತಿತ್ತು. ಶಿವಮೂರ್ತಪ್ಪ ಮಾತ್ರ ಎದೆ ಸೆಟೆಸಿಕೊಂಡು ಅವರನ್ನು ದೇವರ ಕೋಣೆಗೆ ಕರೆದೊಯ್ದ. ಕಿಟಕಿಯ ಕೆಳಗೆ ಕುಂಡವಿತ್ತು. ಗೋಡೆಗೆ ಥರ್ಮಾಮೀಟರು ಬೇರೆ!

"ಹಗಲು ಇಪ್ಪತ್ತರಿಂದ ಮೂವತ್ತು ಡಿಗ್ರಿ ಇದ್ರೆ ಇದಕ್ಕೆ ಸುಖ. ಚಳಿಗಾಲದಲ್ಲಿ ಹತ್ತಕ್ಕಿಂತ ಕೆಳಗಿಳೀಬಾರದು," ಅಂದ ಶಿವಮೂರ್ತಪ್ಪ. "ಅದಕ್ಕೇ ಚಳಿ ಶುರುವಾದಾಗ ಒಳಗಿಟ್ಟೆ. ಇಲ್ಲಿ ಹನ್ನೆರಡಕ್ಕಿಂತ ಇಳಿದೇ ಇಲ್ಲ. ಇಂಥ ವಿಷಯ ಈ ಊರಲ್ಲಿ ಇನ್ಯಾರಿಗ್ ಗೊತ್ತು?"

"ಯಾರಿಗೂ ಗೊತ್ತಿಲ್ಲ ಸಾಹುಕಾರ್ರೆ. ನೀರು ಎಷ್ಟು ಹಾಕ್ತೀರಿ?" ಅಂದ ಕರಿಸಿದ್ದಪ್ಪ.

"ಒಳಗಿಟ್ಟ ಮೇಲೆ ಒಂದು ತೊಟ್ಟೂ ಇಲ್ಲ. ಶಿವನಾಣೆ!"

ಬಾಗಿಲಲ್ಲಿ ನಿಂತಿದ್ದ ಹೆಂಡತಿ ವಿಮಲಮ್ಮ, "ದೇವರ ಮುಂದೆ ಮುಳ್ಳು ಬ್ಯಾಡ ಅಂತ ಬಡ್ಕಂಡೆ. ನನ್ ಮಾತು ಯಾರ್ ಕೇಳ್ತಾರೆ?" ಎಂದು ಗೊಣಗಿದಳು. ಬೆನಕಪ್ಪನಿಗೆ ಕಳ್ಳಿ ಸಿಕ್ಕಿಬಿದ್ದಳು ಅನ್ನಿಸಿತು. ಅವನು ಕಣ್ಸನ್ನೆ ಮಾಡಿದ. ಕರಿಸಿದ್ದಪ್ಪ ಅವನನ್ನು ಸೊಳ್ಳೆ ನೋಡಿದಂತೆ ನೋಡಿದ.

ಕರಿಸಿದ್ದಪ್ಪ ಕುಂಡಕ್ಕೆ ಬೆರಳು ತೂರಿಸಿದ. ಕೆಸರು ಮೆತ್ತಿಕೊಂಡು ಬಂತು. ಮಣ್ಣಿನ ಮೇಲೆ ಕೊಳೆತ ಬಿಲ್ವಪತ್ರೆಯ ಚೂರಿತ್ತು, ಬೂದುಬಣ್ಣದ ಪದರವಿತ್ತು. ಆಮೇಲೆ ಹಿತ್ತಲ ಬಾಗಿಲು ತೆರೆದ. ಮೆಟ್ಟಿಲ ಪಕ್ಕದ ದಾಸವಾಳ ಒಣಗಿ ನಿಂತಿತ್ತು.

"ಇದಕ್ಯಾಕಮ್ಮಾ ಈ ಗತಿ?"

"ಅದಕ್ಕೆ ನೀರು ಹಾಕ್ತಿದ್ದೋರು ಇವರೇ. ಈಗ ಚಳಿ ಅಂತ ಬಾಗಿಲೇ ತೆಗೆಯಲ್ಲ," ಅಂದಳು ವಿಮಲಮ್ಮ.

ಕರಿಸಿದ್ದಪ್ಪ ಅಂಜಿನಮ್ಮನನ್ನು ಕರೆಸಿ ಎಲ್ಲರನ್ನೂ ನಡುಮನೆಯಲ್ಲಿ ಕೂರಿಸಿದ. ಈಳಿಗೆಮಣೆ ತರಿಸಿ ಗಿಡವನ್ನು ಉದ್ದಕ್ಕೆ ಸೀಳಿದ. ಶಿವಮೂರ್ತಪ್ಪ ಹೆತ್ತ ಮಗುವನ್ನೇ ಸೀಳಿದಂತೆ ಅಯ್ಯಯ್ಯೋ ಅಂದ.

"ಕಣ್ಬಿಟ್ಟು ನೋಡ್ರಿ. ಕುದಿನೀರು ಸುರಿದಿದ್ರೆ ಮೊದಲು ನೆತ್ತಿ, ಸಿಪ್ಪೆ ಬೇಯಬೇಕಿತ್ತು. ನೆತ್ತಿ ಹಸುರಾಗೇ ಐತೆ. ಕೊಳೆತಿರೋದು ಬೇರು, ಬುಡ. ಇದು ಒಂದು ಬೆಳಗಿನ ಕೆಲಸ ಅಲ್ಲ, ದಿನಾ ನೀರು ಬಿದ್ದಿದೆ. ಅಂಜಿನಮ್ಮ ದೇವರ ಕೋಣೆಗೆ ಬರ್ತಾಳಾ?"

"ಹೊಸಿಲು ದಾಟಕ್ಕೆ ಇವರು ಬಿಟ್ರೆ ತಾನೇ?" ಅಂದಳು ವಿಮಲಮ್ಮ.

"ನೀವು ಹಾಕಿದ್ರಾ?"

"ಆ ಮುಳ್ಳಿಗೆ ನನ್ ಕೈಯಾರೆ ನೀರಾ? ಥೂ!"

"ಸರಿ. ಸಾಹುಕಾರ್ರೆ, ದಿನಾ ಲಿಂಗಪೂಜೆ ಆದ್ಮೇಲೆ ಅಭಿಷೇಕದ ಬಟ್ಟಲ ನೀರು ಎಲ್ಲಿಗೆ ಚೆಲ್ತೀರಿ?"

"ತುಳಿಯೋ ಜಾಗಕ್ಕೆ ಚೆಲ್ಲಬಾರದಲ್ಲ, ಗಿಡದ ಬುಡಕ್ಕೆ..." ಶಿವಮೂರ್ತಪ್ಪ ಸೀಳಿದ ಗಿಡದತ್ತ ನೋಡಿದ.

"ಯಾವ ಗಿಡ? ಮೊದಲು ಹಿತ್ತಲ ದಾಸವಾಳ. ಈಗ ಚಳೀಲಿ ಬಾಗಿಲು ತೆಗೆಯೋಕೆ ಸೋಮಾರಿತನ, ಕೂತಲ್ಲೇ ಕೈಗೆ ಸಿಕ್ಕಿದ್ದು ಈ ಕುಂಡ. ಆ ಬೂದಿ ನಿಮ್ಮ ವಿಭೂತಿ, ಆ ಪತ್ರೆ ನಿಮ್ಮ ಪೂಜೇದು."

"ಅದೂ ನೀರೇನ್ರೀ? ಅದು ಪೂಜೆ ಮಾಡಿದ್ದು!"

"ಕಳ್ಳಿಗೆ ಅದೆಲ್ಲ ತಿಳಿಯಲ್ಲ ಕಣ್ರೀ! ಮೂವತ್ತು ಡಿಗ್ರೀಲಾದ್ರೆ ಕುಡಿದು ಒಣಗಿಸ್ಕೊಳ್ತಿತ್ತೇನೋ. ಹನ್ನೆರಡರಲ್ಲಿ ಅದು ಮಲಗಿರ್ತದೆ, ಬುಡ ಒಣಗಿದ್ರೆ ಅಷ್ಟು ಚಳಿ ತಡೀತದೆ. ಮಲಗಿರೋರ ಬಾಯಿಗೆ ದಿನಾ ಚೊಂಬು ಬಗ್ಗಿಸಿದ್ರೆ ಉಳೀತಾರಾ? ಡಿಗ್ರಿ ಬಾಯಿಪಾಠ ಮಾಡಿದ್ರಿ, ಸ್ವಂತ ಕೈ ಏನು ಮಾಡ್ತಿದೆ ಅಂತ ನೋಡ್ಲಿಲ್ಲ. ಬಡವಿ ಒಬ್ಬಳು ಸಿಕ್ಕಳು, ಅವಳ ತಲೆಗೆ ಕಟ್ಟಿಬಿಟ್ರಿ. ನಾಚಿಕೆ ಆಗಲ್ವಾ ನಿಮಗೆ?"

ವಿಮಲಮ್ಮನ ಮೇಲೆ ಅನುಮಾನ ಪಟ್ಟಿದ್ದ ಬೆನಕಪ್ಪ ನಾಚಿಕೊಂಡು ತಲೆ ತಗ್ಗಿಸಿದ. ಶಿವಮೂರ್ತಪ್ಪ ಗಂಟಲು ಸರಿಮಾಡಿಕೊಂಡ.

"ಆಯ್ತು, ಆಗಿದ್ದು ಆಯ್ತು. ಅಂಜಿನೀ, ಮಗಳನ್ನ ನೋಡ್ಕಂಡ್ ಬಂದು ಕೆಲಸಕ್ಕೆ ಸೇರ್ಕೊ."

ಅಂಜಿನಮ್ಮ ಎದ್ದು ನಿಂತಳು. "ನೀವು ನನ್ನ ಬೈದಿದ್ದು ನಡುಬೀದೀಲಿ. ನಾನಲ್ಲ ಅಂತ ಅಲ್ಲೇ ನಿಂತ್ಕಂಡ್ ಹೇಳ್ರಿ. ಕೆಲಸದ ಮಾತು ಆಮೇಲೆ."

ಶಿವಮೂರ್ತಪ್ಪ ಹೆಂಡತಿಯ ಮುಖ ನೋಡಿದ. ಅವಳು ಬೀದಿಬಾಗಿಲು ಅಗಲಕ್ಕೆ ತೆರೆದು ಹಿಡಿದಳು. ಬೇರೆ ದಾರಿಯಿಲ್ಲದೆ ಅವನು ಹೊರಗೆ ಹೋಗಿ, "ಗಿಡ ಕೊಂದಿದ್ದು ಅಂಜಿನಮ್ಮ ಅಲ್ಲ, ನಾನೇ," ಎಂದು ಬಾಯೊಳಗೇ ಗೊಣಗಿದ.

"ಕೇಳಿಸ್ಲಿಲ್ಲ," ಅಂದಳು ವಿಮಲಮ್ಮ. "ಬೆಳಿಗ್ಗೆ ಬೈದಷ್ಟು ಗಟ್ಟಿಯಾಗಿ ಹೇಳ್ರಿ."

ಅವನು ಮತ್ತೆ ಹೇಳಿದ. ಈ ಸಲ ಎದುರುಮನೆಯವರೆಲ್ಲ ಹೊರಗೆ ಬಂದು ನಿಂತರು.